ಗಲ್ಲಾ ಬೇರೆ, ರ‍್ಯಾಂಕಿಂಗ್ ಬೇರೆ

ಪ್ರಶ್ನೆ: ಸರ್, 2022ರಲ್ಲಿ ಗಾಲ್ಫ್ ಆಟಗಾರ ಅನಿರ್ಬನ್ ಲಾಹಿರಿ ಒಂದೇ ಟೂರ್ನಿಯಲ್ಲಿ ಎರಡನೇ ಸ್ಥಾನ ಪಡೆದು ಕೋಟಿಗಟ್ಟಲೆ ಗಳಿಸಿದರು ಅಂತ ನೀವೇ ಬರೆದಿದ್ದಿರಿ. ಆಮೇಲೂ ಅವರ ಗಳಿಕೆ ಜೋರಾಗಿಯೇ ಇತ್ತು. ಆದರೆ ವಿಶ್ವ ರ‍್ಯಾಂಕಿಂಗ್‌ನಲ್ಲಿ ಹೆಸರು ಇಳಿಯುತ್ತಾ ಹೋಯಿತು. ಜಾಸ್ತಿ ದುಡಿದವನೇ ಮೇಲಿರಬೇಕಲ್ವಾ?
— ಓದುಗರು, ಡೊಂಬಿವಲಿ

ಉತ್ತರ: ನಮ್ಮಪ್ಪ ಚೆಂಬೂರಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದರು. ಸ್ಟೇಷನ್ ಎದುರಿಗೆ ಇನ್ನೊಂದು ಹೋಟೆಲ್ ಇತ್ತು. ರಾತ್ರಿ ಲೆಕ್ಕ ಮುಗಿಸಿ ಅಪ್ಪ ಗೊಣಗುತ್ತಿದ್ದರು: "ಅವನ ಗಲ್ಲಾ ನಮ್ಮದಕ್ಕಿಂತ ಡಬಲ್. ಇಡ್ಲಿ ಮಾತ್ರ ಕಲ್ಲು." ಡೊಂಬಿವಲಿಯ ಸ್ವಾಮಿ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ಗಲ್ಲಾದಲ್ಲಿ ಬಿದ್ದ ದುಡ್ಡು ಹೋಟೆಲ್ ಎಲ್ಲಿದೆ ಅಂತ ಹೇಳುತ್ತದೆ. ಇಡ್ಲಿ ಹೇಗಿದೆ ಅಂತ ಹೇಳುವುದಿಲ್ಲ.

ಇನ್ನರ್ಧಕ್ಕೆ ಲಾಹಿರಿಯವರ ಆ ಒಂದು ವರ್ಷವನ್ನೇ ನೋಡೋಣ. ಹುಟ್ಟಿದ್ದು ನಮ್ಮ ಪಕ್ಕದ ಪುಣೆಯಲ್ಲಿ, ಆಟ ಪಳಗಿದ್ದು ಬೆಂಗಳೂರಿನಲ್ಲಿ. ಹಾಗಾಗಿ ಅವರ ಮೇಲೆ ನಮಗೆ ಎರಡೆರಡು ಹಕ್ಕು.

2022ರ ಮಾರ್ಚ್, ಫ್ಲೋರಿಡಾದಲ್ಲಿ ಪ್ಲೇಯರ್ಸ್ ಚಾಂಪಿಯನ್‌ಶಿಪ್. ಮಳೆ ಬಂದು ಭಾನುವಾರ ಮುಗಿಯಬೇಕಾದ ಆಟ ಸೋಮವಾರಕ್ಕೆ ಹೋಯಿತು. ನಮಗೆ ಮಂಗಳವಾರದ ಬೆಳಗಿನ ಜಾವ. ಮನೆಯವರಿಗೆ ಎಚ್ಚರ ಆಗಬಾರದು ಅಂತ ಸೌಂಡ್ ಪೂರ್ತಿ ತೆಗೆದು ನೋಡುತ್ತಾ ಕೂತಿದ್ದೆ. ಕಡೇ ಹೋಲ್‌ನಲ್ಲಿ ಒಂದು ಬರ್ಡಿ (ನಿಗದಿಗಿಂತ ಒಂದು ಹೊಡೆತ ಕಡಿಮೆ) ಆಗಿದ್ದರೆ ಮುಂದಿದ್ದ ಕ್ಯಾಮರಾನ್ ಸ್ಮಿತ್ ಜೊತೆ ಸಮ. ಚಿಪ್, ಅಂದರೆ ಹತ್ತಿರದಿಂದ ಮೆಲ್ಲಗೆ ಎತ್ತಿ ಹೊಡೆದರು. ಚೆಂಡು ಕುಳಿ ದಾಟಿ ಹೋಯಿತು. ನಾನು ಬಾಯಿಗೆ ಟವೆಲ್ ಒತ್ತಿಕೊಂಡೆ. ಒಂದೇ ಒಂದು ಹೊಡೆತ ಹಿಂದೆ ಬಿದ್ದು ಎರಡನೇ ಸ್ಥಾನ.

ಒಟ್ಟು ಬಹುಮಾನ 2 ಕೋಟಿ ಡಾಲರ್. ಅಮೆರಿಕದ ವೃತ್ತಿಪರ ಟೂರ್ನಿಗಳ ಸರಣಿಯಾದ ಪಿಜಿಎ ಟೂರ್‌ನಲ್ಲಿ ಗೆದ್ದವನಿಗೆ ಸಾಮಾನ್ಯವಾಗಿ ಶೇ. 18 ಪಾಲು. ಎರಡನೆಯವನಿಗೆ 11ರ ಹತ್ತಿರ. ಲಾಹಿರಿಗೆ ಸಿಕ್ಕಿದ್ದು 21.8 ಲಕ್ಷ ಡಾಲರ್, ಅಂದಿನ ಲೆಕ್ಕಕ್ಕೆ 16 ಕೋಟಿ ರೂಪಾಯಿಗೂ ಜಾಸ್ತಿ. ಜೊತೆಗೆ ವಿಶ್ವ ರ‍್ಯಾಂಕಿಂಗ್‌ನಲ್ಲಿ 322ರಿಂದ ಒಂದೇ ನೆಗೆತಕ್ಕೆ 89. ಆ ವಾರ ದುಡ್ಡು, ಪಾಯಿಂಟ್ ಎರಡೂ ಒಟ್ಟಿಗೇ ಬಂದವು.

ಸೆಪ್ಟೆಂಬರ್ ಹೊತ್ತಿಗೆ ಅವರು ಲಿವ್ ಗಾಲ್ಫ್‌ಗೆ ಹೋಗಿದ್ದರು. ಸೌದಿ ದುಡ್ಡಿನ ಹೊಸ ಲೀಗ್. ಆಗ ಅಲ್ಲಿ 48 ಆಟಗಾರರು, ಮೂರು ದಿನ, 54 ಹೋಲ್. ರೋಮನ್ ಅಂಕಿಯಲ್ಲಿ 54 ಬರೆದರೆ ಆಗುವುದೇ ಲಿವ್. ನಡುವೆ ಯಾರನ್ನೂ ಮನೆಗೆ ಕಳಿಸುವುದಿಲ್ಲ. ಗೆದ್ದವನಿಗೆ 40 ಲಕ್ಷ ಡಾಲರ್. ಬಾಸ್ಟನ್ ಟೂರ್ನಿಯಲ್ಲಿ ಲಾಹಿರಿ ಪ್ಲೇಆಫ್ (ಸಮ ಆದವರಿಗೆ ಆಡಿಸುವ ಹೆಚ್ಚುವರಿ ಹೋಲ್) ತನಕ ಹೋಗಿ ಡಸ್ಟಿನ್ ಜಾನ್ಸನ್‌ಗೆ ಸೋತರು. ಜೇಬಿಗೆ 18 ಲಕ್ಷ ಡಾಲರ್ ಮೇಲೆ. ರ‍್ಯಾಂಕಿಂಗ್ ಪಾಯಿಂಟ್? ಸೊನ್ನೆ. ವಿಶ್ವ ರ‍್ಯಾಂಕಿಂಗ್ ಮಂಡಳಿ ಆ ಲೀಗನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಲಿವ್‌ನ ಅರ್ಜಿಯನ್ನು ತಿರಸ್ಕರಿಸಿತು ಕೂಡ. ಹೊಸಬರು ಒಳಗೆ ಬರಲು, ಸೋತವರು ಹೊರಗೆ ಹೋಗಲು ದಾರಿ ಸಾಲದು ಎಂಬುದು ಅದರ ಮುಖ್ಯ ತಕರಾರು.

ಪಾಯಿಂಟ್ ಬರದಿದ್ದರೆ ಇದ್ದ ಜಾಗದಲ್ಲೇ ಇರಬಹುದಲ್ಲ, ಇಳಿಯೋದು ಯಾಕೆ ಅಂತ ಕೇಳುತ್ತೀರಿ. ಪಾಯಿಂಟಿಗೆ ಆಯಸ್ಸಿದೆ. ಗಳಿಸಿದ ಮೊದಲ 13 ವಾರ ಪೂರ್ತಿ ಬೆಲೆ. ಆಮೇಲೆ 91 ವಾರ ಒಂದೇ ಸಮ ಕರಗುತ್ತಾ ಹೋಗಿ, ಎರಡು ವರ್ಷಕ್ಕೆ ಖಾಲಿ. ಬ್ಯಾಂಕಿನಲ್ಲಿಟ್ಟ ದುಡ್ಡು ಹಾಗಲ್ಲ, ಅದಕ್ಕೆ ಬಡ್ಡಿಯಾದರೂ ಬರುತ್ತದೆ. ಉಳಿದ ಪಾಯಿಂಟನ್ನು ಆ ಎರಡು ವರ್ಷದಲ್ಲಿ ಆಡಿದ ಟೂರ್ನಿಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಇಲ್ಲೊಂದು ಕೊಕ್ಕೆ ಇದೆ. 20 ಟೂರ್ನಿ ಆಡಿದ್ದರೂ 40ರಿಂದಲೇ ಭಾಗಿಸಬೇಕು. 80 ಪಾಯಿಂಟ್ ಇದ್ದವನ ಸರಾಸರಿ 4 ಆಗುವುದಿಲ್ಲ, 2. ಒಂದೆರಡು ಕಡೆ ಗೆದ್ದು ಮನೆಯಲ್ಲಿ ಕಾಲು ಚಾಚಿ ಕೂತರೆ ನಡೆಯುವುದಿಲ್ಲ ಅಂತ. ಲಾಹಿರಿ ಕೂತಿರಲಿಲ್ಲ ಪಾಪ, ಆಡುತ್ತಲೇ ಇದ್ದರು. ಆಡಿದ ಜಾಗ ಲೆಕ್ಕಕ್ಕಿರಲಿಲ್ಲ ಅಷ್ಟೆ.

ಟೂರ್ನಿಗೆ ಎಷ್ಟು ಪಾಯಿಂಟ್ ಅನ್ನೋದನ್ನು ಬಹುಮಾನದ ಮೊತ್ತ ನೋಡಿ ಇಡುವುದಿಲ್ಲ. ಯಾರ‍್ಯಾರು ಆಡುತ್ತಿದ್ದಾರೆ, ಅವರ ಮಟ್ಟ ಏನು ಅಂತ ನೋಡುತ್ತಾರೆ. ನಾಲ್ಕು ಮೇಜರ್‌ಗಳಲ್ಲಿ (ವರ್ಷದ ಅತಿ ದೊಡ್ಡ ಟೂರ್ನಿಗಳು) ಯಾವುದನ್ನು ಗೆದ್ದರೂ ಗೊತ್ತುಪಡಿಸಿದ 100. ಈ ಪಟ್ಟಿ ಶುರುವಾದದ್ದು 1986ರಲ್ಲಿ. ಮೊದಲ ನಂಬರ್ ಒನ್ ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರ್.

ದುಡ್ಡಿನ ಪಟ್ಟಿಗೂ ಒಂದು ಕಾಲವಿತ್ತು. ಅಮೆರಿಕದಲ್ಲಿ 2012ರ ತನಕ ಗಳಿಕೆಯಲ್ಲಿ ಮೊದಲ 125ರೊಳಗೆ ಬಂದರೆ ಮುಂದಿನ ವರ್ಷದ ಕಾರ್ಡ್, ಅಂದರೆ ಟೂರ್‌ನಲ್ಲಿ ಆಡುವ ಹಕ್ಕು, ಉಳಿಯುತ್ತಿತ್ತು. 2013ರಿಂದ ಅದು ಫೆಡೆಕ್ಸ್ ಕಪ್ (ಆ ಟೂರ್‌ನದೇ ವರ್ಷದ ಪಟ್ಟಿ) ಪಾಯಿಂಟಿಗೆ ಬದಲಾಯಿತು. ಸಾಧಾರಣ ಟೂರ್ನಿ ಗೆದ್ದರೆ 500 ಪಾಯಿಂಟ್, ಅಲ್ಲಿ ಬಹುಮಾನ ಸ್ವಲ್ಪ ಕಡಿಮೆ ಇರಲಿ, ಜಾಸ್ತಿ ಇರಲಿ. ನನಗೆ ಇದೇ ಸರಿ ಅನ್ನಿಸುತ್ತದೆ. ಪ್ರಾಯೋಜಕ ಈ ಸಲ ಧಾರಾಳಿ ಆದ ಅಂದ ಮಾತ್ರಕ್ಕೆ ಆಟಗಾರ ದೊಡ್ಡವನಾಗಬೇಕಾಗಿಲ್ಲ. ಹಾಗಂತ ಪಾಯಿಂಟ್ ಅಂದರೆ ಮಡಿ, ದುಡ್ಡು ಮೈಲಿಗೆ ಅಂದುಕೊಳ್ಳಬೇಡಿ. ರೈಡರ್ ಕಪ್‌ಗೆ (ಅಮೆರಿಕ, ಯುರೋಪ್ ತಂಡಗಳ ಹಣಾಹಣಿ) ಅಮೆರಿಕ ತಂಡ ಆರಿಸುವಾಗ ಸಾವಿರ ಡಾಲರ್ ಗಳಿಕೆಗೆ ಒಂದು ಪಾಯಿಂಟ್ ಎಂಬ ಲೆಕ್ಕವೂ ಇದೆ. ಅದು ಪಾಯಿಂಟಿನ ಅಂಗಿ ತೊಟ್ಟ ದುಡ್ಡೇ ಅಲ್ವಾ?

ಪ್ರಶ್ನೆ: ಒಲಿಂಪಿಕ್ಸ್‌ಗೆ ಹೋಗಲು ಯಾವ ಲೆಕ್ಕ?
— ಓದುಗರು, ಪುಣೆ

ಉತ್ತರ: ಪಾಯಿಂಟ್ ಲೆಕ್ಕವೇ. ಗಂಡಸರಿಗೆ 60, ಹೆಂಗಸರಿಗೆ 60 ಜಾಗ. ವಿಶ್ವದ ಮೊದಲ 15ರಲ್ಲಿ ಇದ್ದರೆ ಒಂದು ದೇಶದಿಂದ ನಾಲ್ಕು ಜನರ ತನಕ ಹೋಗಬಹುದು, ಇಲ್ಲದಿದ್ದರೆ ಇಬ್ಬರೇ. ಈ ಇಬ್ಬರ ಮಿತಿಯಿಂದಲೇ ನಿಮ್ಮ ಊರಿನ ಉದಯನ್ ಮಾನೆಯಂಥವರಿಗೂ ಬಾಗಿಲು ತೆರೆಯಿತು. ಅರ್ಜೆಂಟೀನಾದ ಆಟಗಾರರೊಬ್ಬರು ಹಿಂದೆ ಸರಿದರು, ಮಾನೆ ಟೋಕಿಯೊಗೆ ಹೋದರು. ಅದೇ ಕೂಟದಲ್ಲಿ ಬೆಂಗಳೂರಿನ ಅದಿತಿ ಅಶೋಕ್, ವಿಶ್ವದಲ್ಲಿ 200ನೆಯವರಾಗಿ ಹೋಗಿ ನಾಲ್ಕನೆಯವರಾಗಿ ಬಂದರು. ಕಂಚು ಒಂದು ಹೊಡೆತದಲ್ಲಿ ಕೈತಪ್ಪಿತು. ಒಲಿಂಪಿಕ್ಸ್‌ನಲ್ಲಿ ಬಹುಮಾನದ ಹಣ ಇಲ್ಲ. ದುಡ್ಡಿನ ಪಟ್ಟಿ ಹಿಡಿದು ನೋಡಿದರೆ ಆ ವಾರ ಅವರು ಆಡಿಯೇ ಇಲ್ಲ!

ಪ್ರಶ್ನೆ: ಬಿಡಿಗಾಸೂ ತಗೊಳ್ಳದೆ ಪಾಯಿಂಟ್ ಗಳಿಸಿದವರು ಇದ್ದಾರಾ?
— ಓದುಗರು, ಮಾಟುಂಗಾ

ಉತ್ತರ: ಇದ್ದಾರೆ. 2024ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಅಮೆರಿಕನ್ ಎಕ್ಸ್‌ಪ್ರೆಸ್ ಟೂರ್ನಿಯನ್ನು ನಿಕ್ ಡನ್‌ಲಪ್ ಎಂಬ 20ರ ಕಾಲೇಜು ಹುಡುಗ ಗೆದ್ದ. ಹವ್ಯಾಸಿಯೊಬ್ಬ ಪಿಜಿಎ ಟೂರ್‌ನಲ್ಲಿ ಗೆದ್ದದ್ದು 1991ರ ಫಿಲ್ ಮಿಕಲ್ಸನ್ ನಂತರ ಅದೇ ಮೊದಲು. ಹವ್ಯಾಸಿ ಆದ್ದರಿಂದ 15 ಲಕ್ಷ ಡಾಲರ್ ಮುಟ್ಟುವ ಹಾಗಿರಲಿಲ್ಲ. ಅದು ಎರಡನೇ ಸ್ಥಾನದ ದಕ್ಷಿಣ ಆಫ್ರಿಕಾದ ಕ್ರಿಸ್ಟಿಯಾನ್ ಬೆಜೌಡೆನ್‌ಹೌಟ್ ಪಾಲಾಯಿತು. ಹುಡುಗ ರ‍್ಯಾಂಕಿಂಗ್‌ನಲ್ಲಿ 4,129ರಿಂದ 68ಕ್ಕೆ ಹಾರಿದ.

ಚೆಂಬೂರಿನ ಗಾಲ್ಫ್ ಕ್ಲಬ್ ಹತ್ತಿರದ ಟಪರಿಯಲ್ಲಿ ಕಟಿಂಗ್ ಕುಡಿಯುತ್ತಾ ಈ ಕತೆಯನ್ನು ಒಬ್ಬ ಕ್ಯಾಡಿ ಹುಡುಗನಿಗೆ ಹೇಳಿದೆ. ಆಟಗಾರ ಗೆದ್ದರೆ ಹತ್ತರಲ್ಲಿ ಒಂದು ಪಾಲು ಕ್ಯಾಡಿಗೆ ಎಂಬ ವಾಡಿಕೆ ಅವನಿಗೆ ಗೊತ್ತು. 4,129, 68 ಎಲ್ಲಾ ಕೇಳಿಸಿಕೊಂಡ. ಗ್ಲಾಸ್ ಕೆಳಗಿಟ್ಟು, "ಕಾಕಾ, ಬ್ಯಾಗ್ ಹೊತ್ತವನಿಗೆ ಪಾಯಿಂಟಿನಲ್ಲಿ ಹತ್ತನೇ ಪಾಲು ಕೊಟ್ಟರಾ?" ಅಂದ. ನಾನು ಎರಡು ಕಟಿಂಗಿನ ದುಡ್ಡು ಕೊಟ್ಟು ಎದ್ದೆ.