ಸಂಜಿಗಿ ಜಿಗಿದ ಮೀನ ನಸುಕಿಗಿ ಯಾಕ ಸತ್ವು?

ಪ್ರಶ್ನೆ: ಸರ್, ನಮ್ಮೂರು ಯಾದಗಿರಿ ಹತ್ರ ಭೀಮಾ ದಂಡಿಮ್ಯಾಲ ಅದ. ಬ್ಯಾಸಗ್ಯಾಗ ಬ್ಯಾರೇಜ್ ಹಿಂದ ನೀರು ನಿಂತು ಹಸರಾಗ್ತದ. ಮೊನ್ನೆ ನಸುಕಿನ್ಯಾಗ ಹೋದ್ರ ದಂಡಿಗುಂಟ ಮೀನ ಸತ್ತು ಬಿದ್ದಿದ್ವು, ಹಿಂದಿನ ಸಂಜಿಗಿ ಛಲೋನೇ ಜಿಗದಾಡ್ತಿದ್ವು. ಯಾರೋ ವಿಷ ಹಾಕ್ಯಾರ ಅಂತಾರ ಊರಾಗ, ಖರೇನಾ?

ಉತ್ತರ: ಟೆಸ್ಟ್ ಮಾಡಿಸ್ದೆ ವಿಷ ಅಲ್ಲ ಅಂತ ಹೇಳಲಿಕ್ಕೆ ಬರಂಗಿಲ್ರಿ. ಆದ್ರ ಹಸರು ನೀರು, ನಸುಕಿನ ಹೊತ್ತು ಅಂತ ಬರದೀರಲ್ಲ, ಅದನ್ನ ಓದಿದ ಕೂಡ್ಲೆ ನಂಗ ಮೊದ್ಲ ಡೌಟ್ ಬಂದಿದ್ದು ಆಕ್ಸಿಜನ್ ಮ್ಯಾಲ. ಊರಿನ ಮೋರಿ ನೀರು, ಹೊಲದ ಯೂರಿಯಾ, ಡಿಎಪಿ ಎಲ್ಲಾ ನಾಲಾದಾಗ ಹರಕೊಂಡು ಹೊಳಿಗಿ ಬರ್ತಾವ, ಪಾಚಿಗಿ ಅದೇ ಗೊಬ್ಬರ. ಹಗಲ ಬಿಸಲಾಗ ಪಾಚಿ ಆಕ್ಸಿಜನ್ ಬಿಡ್ತದ, ರಾತ್ರಿ ಬಿಡೂದು ನಿಂತು ತಾನೇ ಎಳಕೋತದ, ಹೊಲಸು ತಿನ್ನೋ ಬ್ಯಾಕ್ಟೀರಿಯಾನೂ ಎಳಕೋತಾವ, ನಸುಕಿನ ಹೊತ್ತಿಗಿ ಮೀನಿಗಿ ಏನೂ ಉಳಿಯಂಗಿಲ್ಲ. ಮ್ಯಾಲ ಬ್ಯಾಸಗಿ ಬ್ಯಾರೆ: 20 ಡಿಗ್ರಿ ನೀರಿನ್ಯಾಗ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಕ್ಸಿಜನ್ ಕರಗಿದ್ರ 30 ಡಿಗ್ರಿಗಿ ಏಳೂವರಿ ಅಷ್ಟೇ.

ಸೂರ್ಯ ಹುಟ್ಟೂಕಿಂತ ಮೊದ್ಲ ಹೋಗಿ ದಂಡಿಗಿ ಸುಮ್ಮನ ಕುಂದರ್ರಿ. ಮೀನ ಮ್ಯಾಲ ಬಂದು ಬಾಯಿ ತೆರದು ಮುಚ್ಚಿ ತೆರದು ಮುಚ್ಚಿ ಮಾಡ್ತಿದ್ರ ಅದು ಉಸಿರಿಗಿ ಒದ್ದಾಡೂದು. ದೊಡ್ಡ ಮೀನ ಮೊದ್ಲ ಸಾಯ್ತಾವ. ವಿಷ ಆಗಿದ್ರ ಸಾಮಾನ್ಯವಾಗಿ ಸಣ್ಣ ದೊಡ್ಡ ಅಂತ ನೋಡಂಗಿಲ್ಲ, ಹೊತ್ತು ನೋಡಂಗಿಲ್ಲ, ಏಡಿ ಕಪ್ಪಿನೂ ಸಾಯ್ತಾವ.

ಗಾಣಗಾಪುರದಿಂದ ಯಾದಗಿರಿ ತನಕದ ಭೀಮಾ, 2018ರಾಗ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮಾಡಿದ ಹೊಲಸಾದ ನದಿಗಳ ಪಟ್ಟಿಯಾಗ ಅದ. ಗಾಣಗಾಪುರದ ಸಂಗಮದಾಗ ಮಿಂದು ಉಟ್ಟ ಅರಿವಿ ಅಲ್ಲೇ ಬಿಟ್ಟು ಬರ್ತೀವಿ, ಅದನ್ನ ನೋಡಿದಾಗೆಲ್ಲ ನಂಗ ಹೊಟ್ಟಿ ಉರೀತದ. ಸ್ನಾನದ ನೀರಿಗಿ ಬಿಓಡಿ (ಹೊಲಸು ತಿನ್ನಲಿಕ್ಕೆ ಬ್ಯಾಕ್ಟೀರಿಯಾಕ್ಕ ಬೇಕಾಗೋ ಆಕ್ಸಿಜನ್, ಹೊಲಸು ಜಾಸ್ತಿ ಇದ್ರ ಇದೂ ಜಾಸ್ತಿ) ಲೀಟರಿಗೆ 3 ಮಿಲಿಗ್ರಾಂ ಒಳಗ, ಕರಗಿದ ಆಕ್ಸಿಜನ್ 5ರ ಮ್ಯಾಲ ಇರಬೇಕು. ನಾಲಾ ಹೊಳಿಗಿ ಕೂಡೂ ಮುಂಚೇನೇ ತಡದು ಎಸ್‌ಟಿಪಿಗಿ (ಮೋರಿ ನೀರು ಶುದ್ಧ ಮಾಡೋ ಘಟಕಕ್ಕ) ತಿರುವಬೇಕು, ಸಾದಾ ಎಸ್‌ಟಿಪಿ ಗೊಬ್ಬರದ ಅಂಶ ಪೂರ್ತಿ ತಗಿಯಂಗಿಲ್ಲ, ಅದಕ್ಕ ಆ ನೀರು ಮತ್ತ ಹೊಳಿಗಿ ಬಿಡೂದಕ್ಕಿಂತ ಹೊಲಕ್ಕ ಕೊಡೂದು ಛಲೋ.

ಸದ್ಯಕ್ಕ ಸತ್ತ ಮೀನ ಯಾರೂ ತಿನ್ನಬ್ಯಾಡ್ರಿ, ಆ ಹಸರು ನೀರು ದನಕ್ಕ ಕುಡಿಸಬ್ಯಾಡ್ರಿ, ಕೆಲವು ಪಾಚಿ ದನಕ್ಕ ವಿಷಾನೇ. ಮಾಲಿನ್ಯ ಮಂಡಳಿಯವರಿಗಿ ಅರ್ಜಿ ಕೊಡೂಮುಂದ ನಸುಕಿನ 5ಕ್ಕ ಬಂದು ಅಲ್ಲೇ ಆಕ್ಸಿಜನ್ ಮೀಟರ್ ಹಚ್ಚಿ ನೋಡ್ರಿ ಅಂತ ಬರೀರಿ, ಯಾಕಂದ್ರ ಮಧ್ಯಾಹ್ನ 12ಕ್ಕ ನೋಡಿದ್ರ ಆಕ್ಸಿಜನ್ ಭರ್ತಿ ತೋರಸ್ತದ.