ನಾಟಿ ಕೋಳಿ, ಕಡಕ್‌ನಾಥ್ ಸಾಕಿದ್ದೇವೆ. ದಲ್ಲಾಳಿ ಬಿಟ್ಟು ನೇರವಾಗಿ ಮಾರೋದು ಹೇಗೆ?

ಹೊಳಲ್ಕೆರೆ ಹತ್ತಿರ ಅಪ್ಪ, ಅಮ್ಮ, ನೀವು ಸೇರಿ ನಾಟಿ ಕೋಳಿ, ಜೊತೆಗೆ ಸ್ವಲ್ಪ ಕಡಕ್‌ನಾಥ್ (ಕಪ್ಪು ಮಾಂಸದ ಕೋಳಿ) ಸಾಕಿದ್ದೀರಿ. ದಲ್ಲಾಳಿ ಹೇಳಿದ ರೇಟಿಗೇ ಕೊಡಬೇಕಾಗಿದೆ, ಫೇಸ್‌ಬುಕ್‌ನಲ್ಲಿ ಜಾಹೀರಾತು ಹಾಕಿದ್ರೆ ಗಿರಾಕಿ ಸಿಗ್ತಾರಾ ಅಂತ ಕೇಳಿದ್ದೀರಿ. ಜಗಳೂರು ಕಡೆ ನಮ್ಮ ಮನೆಯದ್ದೂ ಇದೇ ಕಸುಬು, ಅದಕ್ಕೆ ಬಿಡಿಸಿ ಬರೀತಿದ್ದೀನಿ.

ಜಾಹೀರಾತಿಗೆ ದುಡ್ಡು ಸುರಿಯಬೇಡಿ. ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಾಗಲಿ ವಾಟ್ಸಾಪ್ ಬಿಸಿನೆಸ್ ಕ್ಯಾಟಲಾಗ್‌ನಲ್ಲಾಗಲಿ ಜೀವಂತ ಪ್ರಾಣಿ ಮಾರೋಕೆ ಅವರ ನಿಯಮದಲ್ಲೇ ಅವಕಾಶ ಇಲ್ಲ. ಅದೂ ಅಲ್ಲದೆ ದಾವಣಗೆರೆ, ಚಿತ್ರದುರ್ಗದಲ್ಲಿ ನಾಟಿ ಕೋಳಿ ಬೇಕು ಅನ್ನೋರಿಗೆ ಬರ ಇಲ್ಲ. ಅವರಿಗಿರೋದು ಅನುಮಾನ: ಇದು ನಿಜವಾಗ್ಲೂ ನಾಟಿನಾ, ಇಲ್ಲಾ ಫಾರಂನ ಬಣ್ಣದ ಕೋಳಿನಾ? ಗಿರಿರಾಜ, ಸ್ವರ್ಣಧಾರ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಒಳ್ಳೆಯ ತಳಿಗಳು, ಅವುಗಳ ತಪ್ಪೇನಿಲ್ಲ. ಅವನ್ನೇ ನಾಟಿ ಅಂತ ಹೇಳಿ ಮಾರೋರದು ತಪ್ಪು. ಒಂದು ಸಲ ಮೋಸ ಹೋದ ಗಿರಾಕಿ ನಿಮ್ಮನ್ನೂ ಅದೇ ಕಣ್ಣಲ್ಲಿ ನೋಡ್ತಾನೆ. ಆ ಅನುಮಾನ ಕಳೆಯೋದೇ ನಿಮ್ಮ ಮಾರ್ಕೆಟಿಂಗ್.

ಕೋಳಿ ಬಲ್ಲವರು ಕೊಳ್ಳುವಾಗ ಏನು ಮಾಡ್ತಾರೆ ಗಮನಿಸಿ. ಹುಂಜದ ಎರಡೂ ಕಾಲು ಹಿಡಿದು ಎತ್ತಿ ತೂಕ ಅಂದಾಜು ಮಾಡ್ತಾರೆ. ಎದೆಯ ಪುಕ್ಕಕ್ಕೆ ಉಫ್ ಅಂತ ಊದಿ ಚರ್ಮ ನೋಡ್ತಾರೆ, ಎದೆಮೂಳೆ ಒತ್ತುತಾರೆ, ಕಾಲಿನ ಮುಳ್ಳು ಎಷ್ಟು ಬಲಿತಿದೆ ಅಂತ ಬೆರಳಲ್ಲಿ ಮುಟ್ಟಿ ವಯಸ್ಸು ತಿಳ್ಕೊಳ್ತಾರೆ. ಇದನ್ನೇ ನಿಮ್ಮಪ್ಪ ಮಾಡಿ ತೋರಿಸ್ಲಿ, ನೀವು ಮೊಬೈಲಲ್ಲಿ ವಿಡಿಯೋ ಹಿಡಿದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿ. ಅಮ್ಮ ಸಂಜೆ ಮೆಕ್ಕೆಜೋಳದ ನುಚ್ಚು ಎರಚಿ ಕೋಳಿ ಕರೆಯೋದನ್ನ ಹಾಕಿ. ಕೋಳಿಗೆ ಬರೋ ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸಿಕೆ ಹಾಕಿಸಿದ ದಿನ ಅದನ್ನೂ ತೋರಿಸಿ. ಗೂಗಲ್ ಮ್ಯಾಪಲ್ಲಿ ನಿಮ್ಮ ಜಾಗ ಸೇರಿಸಿ, ಅದಕ್ಕೆ ಖರ್ಚಿಲ್ಲ. ಭಾನುವಾರ ಬಂದು ನೀವೇ ಹಿಡಿದು ಆರಿಸ್ಕೊಳ್ಳಿ ಅಂದ್ರೆ ಬರೋರು ಬಂದೇ ಬರ್ತಾರೆ. ಬಂದವರಿಗೆ ತೂಕದ ವಿಷಯ ಮೊದಲೇ ಹೇಳಿ: ಒಂದೂವರೆ ಕೆಜಿ ಜೀವಂತ ಕೋಳಿ ಕ್ಲೀನ್ ಮಾಡಿದ ಮೇಲೆ ಸುಮಾರು 1 ಕೆಜಿ ಆಗುತ್ತೆ. ಮನೆಗೆ ಹೋಗಿ ತೂಗಿ ನೋಡಿದಾಗ ಬೇಜಾರಾಗಬಾರದು.

ಇನ್ನು ಮುಖ್ಯವಾದದ್ದು ಹಬ್ಬದ ಲೆಕ್ಕ. ಶ್ರಾವಣದಲ್ಲಿ ವ್ಯಾಪಾರ ಸೊರಗುತ್ತೆ, ಗಣಪತಿ ಕಳೆದು ಮಹಾಲಯ ಅಮಾವಾಸ್ಯೆಯ ಹಿರಿಯರ ಎಡೆ ಬಂತು ಅಂದ್ರೆ ಕೋಳಿ ಸಾಲೋದಿಲ್ಲ. ಆಮೇಲೆ ಯುಗಾದಿ ಮಾರನೇ ದಿನ. ದಾವಣಗೆರೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ, ಆಗಂತೂ ಮನೆಮನೆಗೆ ನೆಂಟರು. ನಾಟಿ ಹುಂಜ ತೂಕಕ್ಕೆ ಬರೋಕೆ ಐದಾರು ತಿಂಗಳು ಬೇಕು, ಮರಿ ಒಡೆಯೋಕೆ 21 ದಿನ. ಮಹಾಲಯಕ್ಕೆ ಕೋಳಿ ಬೇಕು ಅಂದ್ರೆ ಮಾರ್ಚ್ ಒಳಗೆ ಕಾವಿಗೆ ಕೂರಿಸಿರಬೇಕು. ಏಪ್ರಿಲ್‌ಗೆ ತಳ್ಳಿದ್ರೆ ನಮ್ಮ ಕಡೆ ಬಿಸಿಲಿಗೆ ಮೊಟ್ಟೆ ಕೆಡೋದೇ ಹೆಚ್ಚು. ಸ್ವಲ್ಪ ಬಲಿತ ಹುಂಜ ಆದ್ರೂ ಚಿಂತೆ ಇಲ್ಲ, ಮುದ್ದೆ ಜೊತೆ ಸಾರಿಗೆ ಗಟ್ಟಿ ಮಾಂಸವೇ ಬೇಕು ಅನ್ನೋರು ಬಹಳ. ಹಬ್ಬಕ್ಕೆ ಮೂರ್ನಾಲ್ಕು ವಾರ ಮುಂಚೆ ಸ್ವಲ್ಪ ಅಡ್ವಾನ್ಸ್ ತಗೊಂಡು ಹೆಸರು ಬರ್ಕೊಳ್ಳಿ.

ಪಟ್ಟಣದ ಫ್ಲ್ಯಾಟ್‌ಗಳಲ್ಲಿ ಕೋಳಿ ಕೊಯ್ಯೋಕೆ ಜಾಗ ಇಲ್ಲ. ಪುಕ್ಕ ತೆಗೆದು, ಬೆಂಕಿಯಲ್ಲಿ ಸುಟ್ಟು, ಅರಿಶಿನ ಸವರಿ, ಚರ್ಮ ಸಮೇತ ತುಂಡು ಮಾಡಿ ಕೊಟ್ರೆ ಆ ಕೆಲಸಕ್ಕೆ ಬೇರೆ ದುಡ್ಡು ಖುಷಿಯಿಂದ ಕೊಡ್ತಾರೆ. ಹಾಗೆ ಮಾಂಸ ಮಾಡಿ ಮಾರೋದಾದ್ರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರದ ಪ್ರಾಧಿಕಾರ) ನೋಂದಣಿ ಮಾಡಿಸ್ಕೊಳ್ಳಿ.

ಕಡಕ್‌ನಾಥ್ ಬಗ್ಗೆ ನನ್ನ ಅಭಿಪ್ರಾಯ: ಕಡಿಮೆ ಇಟ್ಕೊಳ್ಳಿ. ಅದು ಮಧ್ಯಪ್ರದೇಶದ ಝಾಬುವಾದ ತಳಿ, 2018ರಲ್ಲಿ ಭೌಗೋಳಿಕ ಗುರುತು (ಆ ಊರಿನದೇ ವಿಶೇಷ ಅಂತ ಕೊಡೋ ಜಿಐ ಟ್ಯಾಗ್) ಸಿಕ್ಕಿದೆ, ಹೆಸರು ದೊಡ್ಡದು. ಆದ್ರೆ ಕಪ್ಪು ಮಾಂಸ ನೋಡಿ ನಮ್ಮ ಮನೆಗಳಲ್ಲಿ ಹಿರಿಯರು ಮುಖ ತಿರುಗಿಸ್ತಾರೆ. ಅದರ ಮೊಟ್ಟೆ ಕಪ್ಪಲ್ಲ, ತಿಳಿ ಕಂದು ಬಣ್ಣ. ಇದನ್ನೂ ಮೊದಲೇ ತಿಳಿಸಿ. ರೋಗ ವಾಸಿಯಾಗುತ್ತೆ ಅಂತ ಮಾತ್ರ ಯಾರಿಗೂ ಹೇಳಬೇಡಿ.

ಹೈವೇ ಡಾಬಾ, ಮಿಲಿಟರಿ ಹೋಟೆಲ್‌ನವರು ವಾರಾವಾರ ತಗೋತಾರೆ, ಆದ್ರೆ ಉದ್ರಿ ಬೆಳೀತಾ ಹೋಗುತ್ತೆ. ಹಿಂದಿನ ಬಾಕಿ ತೀರಿಸದೆ ಮುಂದಿನ ಕೋಳಿ ಇಳಿಸಬೇಡಿ.

ಹಾಗಂತ ದಲ್ಲಾಳಿ ಜೊತೆ ಕಟ್ಟಾಗೋದು ಬೇಡ. ಹಬ್ಬ ಮುಗಿದ ಮೇಲೆ ಉಳಿಯೋ ಹುಂಜಗಳು ಕಾದಾಡಿ ಗಾಯ ಮಾಡ್ಕೊಳ್ತವೆ, ಮೇವಿನ ಖರ್ಚು ಬೇರೆ. ಅವನ್ನ ಒಟ್ಟಿಗೆ ಎತ್ತೋಕೆ ಅವರೇ ಬೇಕು. ಈಗ ನಿಮ್ಮಲ್ಲಿ ಕಾವಿಗೆ ಬರೋ ಹೇಂಟೆ ಎಷ್ಟಿವೆ, ಮರಿ ಯಾವ ವಯಸ್ಸಿನವು ಅಂತ ತಿಳಿಸಿ, ಮುಂದಿನ ಮಹಾಲಯಕ್ಕೆ ಎಷ್ಟು ಬುಕಿಂಗ್ ಒಪ್ಕೊಬಹುದು ಅಂತ ಲೆಕ್ಕ ಹಾಕಿ ಹೇಳ್ತೀನಿ.