ನಾರ್ಕೊಲೆಪ್ಸಿ ಇರುವವರಿಗೆ ಹಲ್ಲಿನ ಚಿಕಿತ್ಸೆ: ದಯವಿಟ್ಟು ಮಾತ್ರೆ ನಿಲ್ಲಿಸಲು ಹೇಳಬೇಡಿ

ಈ ಉತ್ತರವನ್ನು ಪೂರ್ತಿ ಓದುವ ಮೊದಲು ನಿಮ್ಮ ರೋಗಿಗೆ ಫೋನ್ ಮಾಡಿ, ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ ಎಂದು ತಿಳಿಸಿಬಿಡಿ. ಹಗಲಿನಲ್ಲೇ ತಡೆಯಲಾರದ ನಿದ್ರೆ ಬರುವ ನಾರ್ಕೊಲೆಪ್ಸಿ ಎಂಬ ಕಾಯಿಲೆ ಇರುವ ಯುವಕನ ಬುದ್ಧಿಹಲ್ಲು ತೆಗೆಯುವಾಗ ಆತನನ್ನು ಎಚ್ಚರವಾಗಿಡುವುದು ಹೇಗೆ, ಇಲ್ಲವಾದರೆ ಪೂರ್ಣ ಅರಿವಳಿಕೆಗೆ ಕಳುಹಿಸಬೇಕೇ ಎಂದು ಕೇಳಿದ್ದೀರಿ. ಆದರೆ ನನ್ನ ಎದೆ ಝಲ್ಲೆಂದದ್ದು ನೀವು ಕೊನೆಯಲ್ಲಿ ಸೇರಿಸಿದ ಸಾಲನ್ನು ಓದಿ. ಆತ ವೆನ್ಲಾಫ್ಯಾಕ್ಸಿನ್ ಎಂಬ ಖಿನ್ನತೆಯ ಮಾತ್ರೆಯನ್ನೂ ನುಂಗುತ್ತಿರುವುದರಿಂದ ಎರಡು ದಿನ ಮೊದಲೇ ಅದನ್ನು ನಿಲ್ಲಿಸಲು ಹೇಳಿದ್ದೇನೆ ಎಂದು ಬರೆದಿದ್ದೀರಿ. ಇದೇ ಮಾತನ್ನು, ಇದೇ ಮಾತ್ರೆಯ ಬಗ್ಗೆ, 2014ರಲ್ಲಿ ಉಡುಪಿಯ ನನ್ನ ಕ್ಲಿನಿಕ್ಕಿನಲ್ಲಿ ಕುಳಿತು ನಾನೂ ಫೋನಿನಲ್ಲಿ ಹೇಳಿದ್ದೆ.

ನಾರ್ಕೊಲೆಪ್ಸಿ ಇದ್ದ ನನ್ನ ಆ ರೋಗಿ ಒಬ್ಬ ಯುವತಿ, ಆಕೆಗೆ ಆಗ 26 ವರ್ಷ. ಶಂಕರಪುರದ ಕಡೆಯವರು, ಮನೆಯಲ್ಲಿ ಮಲ್ಲಿಗೆ ಕೃಷಿ. ಬೆಳಕು ಹರಿಯುವ ಹೊತ್ತಿಗೆ ಮೊಗ್ಗು ಕೊಯ್ದು, ಮನೆಮಂದಿಯೆಲ್ಲ ಕುಳಿತು ಚೆಂಡು ಕಟ್ಟಿ, ನಾಲ್ಕು ಚೆಂಡಿಗೆ ಒಂದು ಅಟ್ಟೆಯಂತೆ ಲೆಕ್ಕ ಹಾಕಿ ಹೂವಿನ ವ್ಯಾಪಾರದ ಕಟ್ಟೆಗೆ ಕಳುಹಿಸುವ ಮನೆ ಅದು. ಅಂಥ ಮನೆಯಲ್ಲಿ ಒಬ್ಬ ಹುಡುಗಿ ಹಗಲಿನಲ್ಲಿ ತೂಕಡಿಸಿದರೆ ಯಾರಿಗೂ ಅನುಮಾನ ಬರುವುದಿಲ್ಲ. ನಸುಕಿನಲ್ಲಿ ಎದ್ದವಳಿಗೆ ನಿದ್ರೆ ಬಾರದೆ ಇರುತ್ತದೆಯೇ ಎಂದು ಎಲ್ಲರೂ ಸುಮ್ಮನಿದ್ದರು. ಜೋರಾಗಿ ನಕ್ಕಾಗ ಮಾತ್ರ ಅವಳ ಬೆರಳುಗಳು ಸಡಿಲಾಗಿ, ಕಟ್ಟುತ್ತಿದ್ದ ನೂಲು ಮೊಗ್ಗಿನ ಸಮೇತ ಮಡಿಲಿಗೆ ಜಾರಿ ಬೀಳುತ್ತಿತ್ತಂತೆ. ಶಾಲೆಯ ದಿನಗಳಲ್ಲೇ ಶುರುವಾಗಿದ್ದ ಈ ಕಾಯಿಲೆಗೆ ನರರೋಗ ತಜ್ಞರೊಬ್ಬರು ಹೆಸರು ಹೇಳುವ ಹೊತ್ತಿಗೆ ಆಕೆಗೆ 24 ವರ್ಷವಾಗಿತ್ತು. ಬೆಳಿಗ್ಗೆ ಎಚ್ಚರವಾಗಿಡುವ ಮೊಡಾಫಿನಿಲ್ ಮಾತ್ರೆ, ಅದರ ಜೊತೆಗೆ ವೆನ್ಲಾಫ್ಯಾಕ್ಸಿನ್, ಇಷ್ಟರಲ್ಲಿ ಆಕೆಯ ಬದುಕು ಒಂದು ಹದಕ್ಕೆ ಬಂದಿತ್ತು.

ಎಡಗಡೆಯ ಕೆಳದವಡೆಯ ಹಲ್ಲಿಗೆ ರೂಟ್ ಕೆನಾಲ್ ಆಗಬೇಕಿತ್ತು. ಬಿ.ಪಿ., ಶುಗರ್, ಹೃದಯದ ತೊಂದರೆ, ಫಿಟ್ಸ್ ಇವುಗಳನ್ನು ವಾಡಿಕೆಯಂತೆ ಕೇಳಿದೆ. ಯಾವುದೂ ಇಲ್ಲ ಎಂದರು. ನಿದ್ರೆಯ ಕಾಯಿಲೆ ಇದೆ ಎಂದೂ ಹೇಳಿದರು. ನಿದ್ರೆಯ ಕಾಯಿಲೆಯಲ್ಲವೇ, ಹೆಚ್ಚೆಂದರೆ ಕುರ್ಚಿಯಲ್ಲಿ ನಿದ್ರೆ ಹೋಗಬಹುದು ಎಂದುಕೊಂಡು ನಾನು ಮುಂದಕ್ಕೆ ವಿಚಾರಿಸಲಿಲ್ಲ. ಮರುದಿನ ಮಾತ್ರೆಗಳ ಹೆಸರನ್ನು ಫೋನಿನಲ್ಲಿ ಓದಿ ಹೇಳಿದಾಗ ಮಾತ್ರ ನನ್ನ ಕಿವಿ ನೆಟ್ಟಗಾಯಿತು. ಖಿನ್ನತೆಯ ಮಾತ್ರೆಗೂ ಹಲ್ಲು ಮರಗಟ್ಟಿಸುವ ನಮ್ಮ ಇಂಜೆಕ್ಷನ್ನಿನಲ್ಲಿರುವ ಅಡ್ರಿನಲಿನ್‌ಗೂ ಆಗಿಬರುವುದಿಲ್ಲ ಎಂಬ ಒಂದು ಸಾಲು ಕಾಲೇಜಿನ ದಿನಗಳಿಂದ ನನ್ನ ತಲೆಯಲ್ಲಿ ಕುಳಿತಿತ್ತು. "ಮೂರು ದಿನ ಅದನ್ನು ನಿಲ್ಲಿಸಿ ಬನ್ನಿ, ಒಂದು ಮಾತ್ರೆ ಬಿಟ್ಟರೆ ಏನೂ ಆಗುವುದಿಲ್ಲ" ಎಂದೆ.

ಈ ಒಂದು ವಾಕ್ಯದಲ್ಲಿ ಎಷ್ಟು ತಪ್ಪುಗಳಿದ್ದವು ಎಂಬುದನ್ನು ನಾನು ಬಿಡಿಸಿ ಹೇಳಲೇಬೇಕು, ಏಕೆಂದರೆ ನೀವೂ ಅದೇ ದಾರಿಯಲ್ಲಿ ಇದ್ದೀರಿ.

ನನ್ನ ನೆನಪಿನಲ್ಲಿದ್ದ ಆ ಎಚ್ಚರಿಕೆ ಮುಖ್ಯವಾಗಿ ಕ್ಲೋಮಿಪ್ರಮಿನ್, ಅಮಿಟ್ರಿಪ್ಟಿಲಿನ್‌ನಂಥ ಟ್ರೈಸೈಕ್ಲಿಕ್ ಎಂಬ ಗುಂಪಿನ ಹಳೆಯ ಖಿನ್ನತೆಯ ಔಷಧಗಳಿಗೆ ಸಂಬಂಧಿಸಿದ್ದು. ವೆನ್ಲಾಫ್ಯಾಕ್ಸಿನ್ ಆ ಗುಂಪಿನದಲ್ಲ. ಅದು ರಕ್ತದೊತ್ತಡವನ್ನು ಏರಿಸಬಲ್ಲದು ಎಂಬ ಕಾರಣಕ್ಕೆ ನಾವು ಹುಷಾರಾಗಿರಬೇಕು, ಅಷ್ಟೆ. ಇನ್ನು, ರೋಗಿ ನಿಜವಾಗಿಯೂ ಟ್ರೈಸೈಕ್ಲಿಕ್ ಮಾತ್ರೆಯನ್ನೇ ತೆಗೆದುಕೊಳ್ಳುತ್ತಿದ್ದರೂ ಅದಕ್ಕೆ ಉತ್ತರ ಆ ಮಾತ್ರೆಯನ್ನು ನಿಲ್ಲಿಸುವುದಲ್ಲ, ನಮ್ಮ ಅಡ್ರಿನಲಿನ್ ಪ್ರಮಾಣವನ್ನು ಮಿತಿಯಲ್ಲಿಡುವುದು. ಒಂದು ಭೇಟಿಗೆ 0.04 ಮಿಲಿಗ್ರಾಂ ದಾಟಬಾರದು ಎಂಬ ಲೆಕ್ಕ ಹಿಡಿದರೆ 1:80,000 ದ್ರಾವಣದಲ್ಲಿ ಸುಮಾರು 3 ಮಿಲಿಲೀಟರ್, 1:2,00,000 ದ್ರಾವಣದಲ್ಲಿ 8 ಮಿಲಿಲೀಟರ್ ಸಿಗುತ್ತದೆ. ಒಂದು ಕೆಳದವಡೆಯ ಹಲ್ಲಿಗೆ ಅಷ್ಟು ಧಾರಾಳವಾಯಿತು. ಸೂಜಿ ಚುಚ್ಚಿದ ಮೇಲೆ ಹಿಂದಕ್ಕೆಳೆದು ರಕ್ತ ಬರುತ್ತಿಲ್ಲ ಎಂದು ನೋಡಿಕೊಂಡು ನಿಧಾನವಾಗಿ ಕೊಟ್ಟರೆ ಆಯಿತು. ಎಲ್ಲಕ್ಕಿಂತ ದೊಡ್ಡ ತಪ್ಪು ಬೇರೆಯೇ ಇತ್ತು. ಆ ಮಾತ್ರೆಯನ್ನು ಆಕೆಗೆ ಕೊಟ್ಟದ್ದು ಖಿನ್ನತೆಗಾಗಿ ಅಲ್ಲವೇ ಅಲ್ಲ. ಆಕೆಗೆ ಖಿನ್ನತೆ ಇರಲೇ ಇಲ್ಲ. ನಕ್ಕಾಗ ಮೈಯ ಸ್ನಾಯುಗಳು ಒಮ್ಮೆಲೇ ಸಡಿಲಾಗುವ ಕ್ಯಾಟಪ್ಲೆಕ್ಸಿಯನ್ನು ತಡೆದು ನಿಲ್ಲಿಸಿದ್ದ ಕಟ್ಟೆ ಅದು.

ನಾರ್ಕೊಲೆಪ್ಸಿ ಎಂಬ ಹೆಸರು ಫ್ರಾನ್ಸಿನ ವೈದ್ಯ ಝೆಲಿನೋ ಅವರು 1880ರಲ್ಲಿ ಇಟ್ಟದ್ದು. ಆದರೆ ಒಳಗೆ ಏನು ಕೆಟ್ಟಿದೆ ಎಂಬುದು ತಿಳಿಯತೊಡಗಿದ್ದು 1998ರಲ್ಲಿ ಒರೆಕ್ಸಿನ್ ಎಂಬ ಮಿದುಳಿನ ರಾಸಾಯನಿಕ ಪತ್ತೆಯಾದ ನಂತರ. ಮೊದಲನೆಯ ಬಗೆಯ ನಾರ್ಕೊಲೆಪ್ಸಿಯಲ್ಲಿ ಮಿದುಳಿನ ಭಾಗವಾದ ಹೈಪೋಥಲಾಮಸ್‌ನಲ್ಲಿ ಈ ಒರೆಕ್ಸಿನ್ ತಯಾರಿಸುವ ನರಕೋಶಗಳು ಬಹುಪಾಲು ನಾಶವಾಗಿರುತ್ತವೆ. ಆಗ ಎಚ್ಚರಕ್ಕೂ ಕನಸಿನ ನಿದ್ರೆಗೂ ನಡುವಿನ ಗಡಿ ಸಡಿಲಾಗುತ್ತದೆ. ಕನಸು ಕಾಣುವಾಗ ನಮ್ಮೆಲ್ಲರ ಸ್ನಾಯುಗಳೂ ಶಕ್ತಿ ಕಳೆದುಕೊಂಡು ಬಿದ್ದಿರುತ್ತವೆ. ಇವರಿಗೆ ಅದೇ ಸ್ಥಿತಿ ಪೂರ್ಣ ಎಚ್ಚರದಲ್ಲಿರುವಾಗಲೇ ಬಂದುಬಿಡುತ್ತದೆ, ಅದರಲ್ಲೂ ನಕ್ಕಾಗ. ಅದೇ ಕ್ಯಾಟಪ್ಲೆಕ್ಸಿ. ದವಡೆ ಜೋತುಬೀಳುತ್ತದೆ, ಕುತ್ತಿಗೆ ವಾಲುತ್ತದೆ, ಮಂಡಿ ಕುಸಿಯುತ್ತದೆ. ಉಸಿರಾಟ ನಡೆಯುತ್ತಿರುತ್ತದೆ, ಪ್ರಜ್ಞೆ ಪೂರ್ತಿ ಇರುತ್ತದೆ. ವೆನ್ಲಾಫ್ಯಾಕ್ಸಿನ್ ಈ ಕನಸಿನ ನಿದ್ರೆಯನ್ನು ಅದುಮಿ ಹಿಡಿಯುತ್ತದೆ. ಅದನ್ನು ಒಮ್ಮೆಲೇ ಬಿಟ್ಟರೆ ಕ್ಯಾಟಪ್ಲೆಕ್ಸಿ ಮೊದಲಿಗಿಂತ ಹೆಚ್ಚಾಗಿ, ಕೆಲವೊಮ್ಮೆ ಒಂದರ ಹಿಂದೆ ಒಂದರಂತೆ ಗಂಟೆಗಟ್ಟಲೆ ತಿರುಗಿ ಬರುತ್ತದೆ.

ಇದೊಂದೂ ತಿಳಿಯದೆ ನಾನು ಮೂರನೆಯ ದಿನ ಹಲ್ಲು ಕೊರೆಯುವ ಏರೋಟರ್ ಕೈಗೆತ್ತಿಕೊಂಡೆ. ಆಕೆಯ ಮೊಣಕೈಯಲ್ಲಿ ಹೊಸ ತರಚು ಗಾಯವಿತ್ತು; ನೋಡಿದೆ, ಕೇಳಲಿಲ್ಲ. ಹಲ್ಲನ್ನು ಉಳಿದ ಬಾಯಿಯಿಂದ ಬೇರ್ಪಡಿಸುವ ರಬ್ಬರ್ ಡ್ಯಾಮ್ ಎಂಬ ಹಾಳೆ ಹಾಕುವ ಮೊದಲು ಸ್ವಲ್ಪ ಹುಳುಕು ತೆಗೆದುಬಿಡೋಣವೆಂದು ಏರೋಟರಿನ ಕೊರೆಯುವ ತುದಿಯಾದ ಬರ್ ತಿರುಗಿಸುತ್ತಿದ್ದಾಗ, ನನ್ನ ಸಹಾಯಕಿ ತುಳುವಿನಲ್ಲಿ, ಮಲ್ಲಿಗೆಗೆ ಈಗಿರುವ ರೇಟಿನಲ್ಲಿ ಡಾಕ್ಟ್ರಿಗೆ ಫೀಸಿನ ಬದಲು ಒಂದು ಅಟ್ಟೆ ಕೊಟ್ಟರೆ ಸಾಕು ಎಂದಳು. ರೋಗಿಯನ್ನು ನಗಿಸಿ ಹಗುರಾಗಿಸುವುದು ನಮ್ಮಲ್ಲಿ ಒಳ್ಳೆಯ ಅಭ್ಯಾಸವೆಂದೇ ನಡೆದುಬಂದಿತ್ತು. ಆಕೆ ನಕ್ಕಳು. ನಗು ಗಂಟಲಲ್ಲಿ ಹುಟ್ಟಿದ್ದು ನನಗೆ ಕೇಳಿಸಿತು, ಅಷ್ಟರಲ್ಲಿ ದವಡೆ ಜಾರಿ, ತಲೆ ನನ್ನ ಕಡೆಗೆ ಹೊರಳಿ, ಬರ್ ನಾಲಿಗೆಯ ಅಂಚನ್ನು ಸೀಳಿತು. ಸುಮಾರು ಒಂದೂವರೆ ಸೆಂಟಿಮೀಟರ್ ಗಾಯ.

ನಾನು ಅದನ್ನು ಫಿಟ್ಸ್ ಎಂದುಕೊಂಡೆ. ಸಹಾಯಕಿ ಓಡಿಹೋಗಿ ಕ್ಲಿನಿಕ್ಕಿನ ಕೀಲಿಕೈ ಗೊಂಚಲು ತಂದು ಆಕೆಯ ಅಂಗೈಯಲ್ಲಿ ಇಟ್ಟಳು. ಬೆರಳುಗಳು ಮಡಚಲಿಲ್ಲ, ಗೊಂಚಲು ನೆಲಕ್ಕೆ ಬಿತ್ತು. ಮತ್ತೆ ಇಟ್ಟಳು, ಮತ್ತೆ ಬಿತ್ತು. ಆಕೆಯನ್ನು ಪಕ್ಕಕ್ಕೆ ಹೊರಳಿಸಿ ರಕ್ತ, ನೀರು ಗಂಟಲಿಗೆ ಇಳಿಯದಂತೆ ಹೀರಿ ತೆಗೆಯುವ ಸಕ್ಷನ್ ನಳಿಗೆ ಹಿಡಿದದ್ದೊಂದೇ ಅಂದು ನಾನು ಮಾಡಿದ ಸರಿಯಾದ ಕೆಲಸ. ಅದನ್ನು ಮಾಡುತ್ತಲೇ ಬಾಗಿಲಲ್ಲಿ ನಿಂತಿದ್ದ ತಾಯಿಯ ಮೇಲೆ ರೇಗಿದೆ: "ಫಿಟ್ಸ್ ಇರುವುದನ್ನು ಮೊದಲೇ ಹೇಳಬಾರದಿತ್ತಾ? ಹೀಗೆ ಅಡಗಿಸಿಟ್ಟು ಬಂದರೆ ನಾವು ಏನು ಮಾಡುವುದು?" ಎರಡು ನಿಮಿಷವೂ ಆಗಿರಲಿಲ್ಲ, ಆಕೆಯ ಕುತ್ತಿಗೆಗೆ ಬಲ ಬಂತು. ಬಾಯಿ ಒರೆಸಿಕೊಂಡು, ನಾಲಿಗೆ ತೊದಲುತ್ತಿದ್ದರೂ ಒಂದೊಂದೇ ಶಬ್ದವಾಗಿ ಹೇಳಿದಳು: "ಅಮ್ಮನಿಗೆ ಬೈಬೇಡಿ ಡಾಕ್ಟ್ರೇ. ನಾವು ಏನೂ ಅಡಗಿಸಿ ಇಟ್ಟದ್ದಲ್ಲ. ಮಾತ್ರೆ ನಿಲ್ಲಿಸ್ಲಿಕ್ಕೆ ಹೇಳಿದ್ದು ನೀವೇ."

ಎಲ್ಲವನ್ನೂ ಆಕೆ ಕೇಳಿಸಿಕೊಂಡಿದ್ದಳು. ನಾಲಿಗೆಗೆ ಮೂರು ಹೊಲಿಗೆ ಹಾಕಿ, ಅವರ ನರರೋಗ ತಜ್ಞರಿಗೆ ಆ ಕೊಠಡಿಯಿಂದಲೇ ಫೋನ್ ಮಾಡಿದೆ. ಆ ಎರಡು ದಿನಗಳಲ್ಲಿ ಆಕೆ ಮನೆಯಲ್ಲಿ ಐದಾರು ಸಲ ಕುಸಿದಿದ್ದಳು ಎಂಬುದು, ಒಮ್ಮೆ ಬಾವಿಕಟ್ಟೆಯ ಹತ್ತಿರವೇ ಬಿದ್ದಿದ್ದಳು ಎಂಬುದು ಆಗ ಗೊತ್ತಾಯಿತು. ಮೊಣಕೈಯ ಗಾಯ ಅಲ್ಲಿಯದು. ಮಾತ್ರೆ ಬರೆದ ವೈದ್ಯರನ್ನು ಕೇಳಲು ಐದು ನಿಮಿಷದ ಒಂದು ಫೋನ್ ಸಾಕಿತ್ತು. ಅದನ್ನು ನಾನು ಮೂರು ದಿನ ಮೊದಲೇ ಮಾಡಬೇಕಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎಚ್ಚರವಾಗಿಡುವುದು ಹೇಗೆ ಎಂಬ ಪ್ರಶ್ನೆಯನ್ನೇ ಕೈಬಿಡಿ. ನಿದ್ರೆ ಬಂದರೆ ಬರಲಿ. ಹಲ್ಲಿನ ಜಾಗಕ್ಕೆ ಕೊಟ್ಟ ಅರಿವಳಿಕೆ ಸರಿಯಾಗಿ ಹಿಡಿದಿದ್ದು, ಬಾಯಿಗೆ ಆಸರೆ ಇದ್ದು, ಗಂಟಲಿಗೆ ರಕ್ಷಣೆ ಇದ್ದರೆ ನಿದ್ರಿಸುತ್ತಿರುವ ರೋಗಿಗೆ ಅಪಾಯವಿಲ್ಲ. ಮತ್ತೆ ಮತ್ತೆ ತಟ್ಟಿ ಎಬ್ಬಿಸುವುದರಿಂದ ಆತ ಬೆಚ್ಚಿ ತಲೆ ಅಲ್ಲಾಡಿಸಿದರೆ ಅಪಾಯವಿದೆ. ನೀವು ಹೆದರಬೇಕಾದದ್ದು ನಿದ್ರೆಗಲ್ಲ, ಎಚ್ಚರದಲ್ಲಿ ಬರುವ ಕ್ಯಾಟಪ್ಲೆಕ್ಸಿಗೆ. ಆತನಿಗೆ ಅದು ಇದೆಯೇ, ಯಾವುದರಿಂದ ಬರುತ್ತದೆ, ಬಂದಾಗ ಮೊದಲು ಸಡಿಲಾಗುವುದು ದವಡೆಯೋ ಕೈಯೋ ಮಂಡಿಯೋ ಎಂದು ಆತನನ್ನೂ ಮನೆಯವರನ್ನೂ ಕೂರಿಸಿ ಕೇಳಿ. ಒಪ್ಪಿಗೆಯ ಸಹಿಯನ್ನೂ ಆ ಭೇಟಿಯಲ್ಲೇ, ಆತ ಚೆನ್ನಾಗಿ ಎಚ್ಚರವಿರುವಾಗ ತೆಗೆದುಕೊಳ್ಳಿ.

ಪೂರ್ಣ ಅರಿವಳಿಕೆಯ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ನಮ್ಮ ಹೆದರಿಕೆಯನ್ನು ಕಡಿಮೆ ಮಾಡಿಕೊಳ್ಳಲು ರೋಗಿಯನ್ನು ಪೂರ್ಣ ಅರಿವಳಿಕೆಗೆ ಕಳುಹಿಸಬಾರದು. ಹಲ್ಲು ಮೂಳೆಯೊಳಗೆ ಆಳವಾಗಿ ಹೂತಿದ್ದರೆ ಮಣಿಪಾಲದ, ಮಂಗಳೂರಿನ, ದೇರಳಕಟ್ಟೆಯ ದಂತವೈದ್ಯಕೀಯ ಕಾಲೇಜುಗಳಲ್ಲಿ ಬಾಯಿ ಶಸ್ತ್ರಚಿಕಿತ್ಸೆಯ ವಿಭಾಗಗಳಿವೆ, ಅಲ್ಲಿಗೆ ಕಳುಹಿಸಿ. ಅದು ಹಲ್ಲಿನ ಕಾರಣಕ್ಕೆ, ನಿದ್ರೆಯ ಕಾರಣಕ್ಕಲ್ಲ. ಭಯ ಕಡಿಮೆಯಾಗಲೆಂದು ಡಯಾಜೆಪಾಮ್, ಮಿಡಜೋಲಾಮ್‌ನಂಥ ಮಂಪರಿನ ಔಷಧ ಕೊಡುವ ಯೋಚನೆಯಂತೂ ಬೇಡವೇ ಬೇಡ. ಮೊದಲೇ ನಿದ್ರೆಯ ಹಿಡಿತ ತಪ್ಪಿದ ಮಿದುಳಿಗೆ ನೀವು ಇನ್ನೊಂದು ಭಾರ ಹೇರಿದಂತಾಗುತ್ತದೆ. ನೋವಿಗೆ ಪ್ಯಾರಾಸಿಟಮಾಲ್, ಬೇರೆ ಅಡ್ಡಿಯಿಲ್ಲದಿದ್ದರೆ ಐಬುಪ್ರೊಫೆನ್ ಸಾಕು. ಟ್ರಮಡಾಲ್ ಎಂಬ ನೋವಿನ ಮಾತ್ರೆ ಬರೆಯಬೇಡಿ, ವೆನ್ಲಾಫ್ಯಾಕ್ಸಿನ್ ಜೊತೆ ಅದು ಸೆರೊಟೋನಿನ್ ಮಿತಿಮೀರಿ ಏರುವ ಅಪಾಯವನ್ನು ತರುತ್ತದೆ, ಫಿಟ್ಸ್ ಬರುವ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ.

ಆ ಹುಡುಗಿ ಮತ್ತೆ ನನ್ನಲ್ಲಿಗೆ ಬರುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ. ಮೂರು ವಾರದ ನಂತರ ಬಂದಳು, ತಜ್ಞರ ಪತ್ರ ಹಿಡಿದುಕೊಂಡು. ಅಂದಿನಿಂದ ನಾವು ಹೇಗೆ ಮಾಡುತ್ತೇವೆಂದರೆ, ಬೆಳಗಿನ ಎರಡೂ ಮಾತ್ರೆ ನುಂಗಿ, ತಿಂಡಿ ತಿಂದು ಬರುತ್ತಾಳೆ. ಹೊರಗಿನ ಬೆಂಚಿನಲ್ಲಿ ಇಪ್ಪತ್ತು ನಿಮಿಷ ಮಲಗುತ್ತಾಳೆ. ಆ ಸಣ್ಣ ನಿದ್ರೆಯಿಂದ ಮುಂದಿನ ಒಂದು ಗಂಟೆ ಹಗುರವಾಗಿರುತ್ತದೆ. ಬಿ.ಪಿ. ನೋಡಿದ ಮೇಲೆಯೇ ಇಂಜೆಕ್ಷನ್. ಒಂದು ಭೇಟಿಗೆ ನಲವತ್ತು ನಿಮಿಷಕ್ಕಿಂತ ಹೆಚ್ಚಿಲ್ಲ, ಕುರ್ಚಿಯನ್ನು ಪೂರ್ತಿ ಮಲಗಿಸುವುದಿಲ್ಲ. ಬರ್ ಬಾಯಿಗೆ ಹೋಗುವ ಮೊದಲೇ ರಬ್ಬರ್ ಡ್ಯಾಮ್ ಮತ್ತು ಬಾಯಿ ಮುಚ್ಚದಂತೆ ಹಲ್ಲುಗಳ ನಡುವೆ ಇಡುವ ಬೈಟ್ ಬ್ಲಾಕ್ ಕೂತಿರಬೇಕು; ಬೈಟ್ ಬ್ಲಾಕಿಗೆ ಉದ್ದನೆಯ ಫ್ಲಾಸ್ ದಾರ ಕಟ್ಟಿ ತುದಿಯನ್ನು ಬಾಯಿಯ ಹೊರಗೆ ಬಿಟ್ಟಿರುತ್ತೇನೆ. ನಿಮ್ಮಂತೆ ಹಲ್ಲು ಕೀಳುವ ಕೆಲಸವಾದರೆ ಡ್ಯಾಮಿನ ಬದಲು ಗಂಟಲಿನ ಮುಂದೆ ಬಿಚ್ಚಿದ ಗಾಜ್ ಬಟ್ಟೆಯ ತೆರೆ ಹಾಕಿ, ಅದರ ತುದಿಯೂ ಹೊರಗಿರಲಿ. ಕೆಲಸದ ನಡುವೆ ಯಾರೂ ತಮಾಷೆ ಮಾಡುವುದಿಲ್ಲ.

ನೋವಾದರೆ ಕೈ ಎತ್ತಿ ಎಂದು ನಾವು ಎಲ್ಲರಿಗೂ ಹೇಳುತ್ತೇವಲ್ಲ, ಅದು ಇವರಿಗೆ ಸಾಲದು. ಕ್ಯಾಟಪ್ಲೆಕ್ಸಿ ಬಂದಾಗ ಕೈ ಏಳುವುದಿಲ್ಲ. ಪರಿಹಾರವನ್ನು ಹೇಳಿದ್ದು ಆಕೆಯೇ. "ನೂಲು ಬಿದ್ರೆ ಅಮ್ಮನಿಗೆ ಗೊತ್ತಾಗ್ತದೆ" ಎಂದಳು. ಹಾಗಾಗಿ ಆಕೆ ಬಲಗೈಯಲ್ಲಿ ಅದೇ ಕೀಲಿಕೈ ಗೊಂಚಲನ್ನು, ಕುರ್ಚಿಯ ಅಂಚಿನಿಂದ ಹೊರಗೆ ಹಿಡಿದಿರುತ್ತಾಳೆ. ಅದು ನೆಲಕ್ಕೆ ಬಿದ್ದ ಶಬ್ದ ಕೇಳಿದ ಕೂಡಲೇ ನಾನು ಪೆಡಲ್‌ನಿಂದ ಕಾಲು ತೆಗೆದು, ಬರ್ ನಿಂತ ಮೇಲೆ ಹೊರಕ್ಕೆ ತರುತ್ತೇನೆ. ನಿದ್ರೆ ಬಂದಿರಬಹುದು, ಕ್ಯಾಟಪ್ಲೆಕ್ಸಿ ಇರಬಹುದು. ಯಾವುದೇ ಆದರೂ ಸಹಾಯಕಿ ಸಕ್ಷನ್ ಹಿಡಿದು ತಲೆಗೆ ಆಸರೆ ಕೊಡುತ್ತಾಳೆ, ನಾನು ಮೆಲ್ಲಗೆ ಹೆಸರು ಹಿಡಿದು ಕರೆದು, ಏನಾಯಿತು, ಈಗ ಏನು ಮಾಡುತ್ತಿದ್ದೇನೆ ಎಂದು ಹೇಳುತ್ತಿರುತ್ತೇನೆ, ಏಕೆಂದರೆ ಆಕೆ ಕೇಳಿಸಿಕೊಳ್ಳುತ್ತಿರುತ್ತಾಳೆ. ನಿದ್ರೆಯಿಂದ ಏಳುವಾಗ ಕೆಲವರಿಗೆ ಮೈ ಮರಗಟ್ಟಿದಂತೆ, ಯಾರೋ ಎದೆಯ ಮೇಲೆ ಕುಳಿತಂತೆ ಭ್ರಮೆಯಾಗುತ್ತದೆ. ಆದ್ದರಿಂದ ಮನೆಯವರೊಬ್ಬರು ಕಣ್ಣಿಗೆ ಕಾಣುವಂತೆ ಕೊಠಡಿಯಲ್ಲೇ ಇರಲಿ.

ನಿಮ್ಮ ರೋಗಿಯ ಉಳಿದ ಹಲ್ಲುಗಳನ್ನೂ ನೋಡಿ. ಮೊಡಾಫಿನಿಲ್, ವೆನ್ಲಾಫ್ಯಾಕ್ಸಿನ್ ಎರಡೂ ಬಾಯಿಯನ್ನು ಒಣಗಿಸುತ್ತವೆ, ಎಚ್ಚರವಾಗಿರಲೆಂದು ಇವರು ದಿನವಿಡೀ ಸಿಹಿ ಚಹಾ ಕುಡಿಯುತ್ತಾರೆ. ಆಕೆಗೆ ಹುಳುಕಾದದ್ದೂ ಹಾಗೆಯೇ. ಮೂರು ತಿಂಗಳಿಗೊಮ್ಮೆ ಫ್ಲೋರೈಡ್ ಲೇಪನ ಹಾಕಲು ಶುರುಮಾಡಿದ ಮೇಲೆ ಹೊಸ ಹುಳುಕು ಕಂಡಿಲ್ಲ.

ನಿಮ್ಮ ರೋಗಿ ಈಗಾಗಲೇ ಒಂದೆರಡು ಹೊತ್ತಿನ ಮಾತ್ರೆ ಬಿಟ್ಟಿದ್ದರೆ, ಮತ್ತೆ ಹೇಗೆ ಶುರುಮಾಡಬೇಕೆಂದು ನೀವು ಹೇಳಬೇಡಿ, ಅವರ ನರರೋಗ ತಜ್ಞರನ್ನೇ ಕೇಳಿ. ಅಲ್ಲಿಯವರೆಗೆ ಆತ ಬೈಕ್ ಓಡಿಸದಿರಲಿ, ಮೆಟ್ಟಿಲು ಮತ್ತು ಬಾವಿಯ ಹತ್ತಿರ ಒಬ್ಬನೇ ಹೋಗದಿರಲಿ. ಹಲ್ಲು ತೆಗೆಯುವ ದಿನವನ್ನು ಮುಂದಕ್ಕೆ ಹಾಕಿ; ಮಾತ್ರೆ ಮತ್ತೆ ಹಿಡಿತಕ್ಕೆ ಬಂದಿದೆ ಎಂದು ತಜ್ಞರು ಹೇಳಿದ ಮೇಲೆ ಹೊಸ ದಿನ ಕೊಡಿ.